ಮುಟ್ಟಿನ ದಿನ ಮನೆಗೆಲ್ಲ ಗೊತ್ತು, ಮೊಟ್ಟೆಯ ದಿನ ಯಾರಿಗೂ ಗೊತ್ತಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಗೆ ಬಂದ ಹೊಸದರಲ್ಲಿ ನನ್ನ ಹೆಂಡತಿ ಒಂದು ವಾರ ಪಕ್ಕದ ಮನೆಯ ಕಡೆ ತಲೆ ಹಾಕಲಿಲ್ಲ. ಆ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ "ಮತ್ತೆಂತ ವಿಶೇಷ?" ಅಂತ ಕೇಳಿದ್ದರು, ಅಷ್ಟೇ. ಇವಳು "ಏನೂ ಇಲ್ಲ" ಅಂದು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ನನಗೂ ಇದೇ ಪ್ರಶ್ನೆ ಬಂದ ಮೇಲೆ ವಿಷಯ ಗೊತ್ತಾಯಿತು. ಇಲ್ಲಿ ಕನ್ನಡದವರು "ಎಂತ ವಿಶೇಷ" ಅನ್ನುತ್ತಾರೆ, ಮಲಯಾಳದವರು "ಎಂದುಂಡ್ ವಿಶೇಷಂ" ಅನ್ನುತ್ತಾರೆ. ಎರಡಕ್ಕೂ ಏನು ಸಮಾಚಾರ ಅಂತಷ್ಟೇ ಅರ್ಥ. ನಮ್ಮ ತಿಪಟೂರಿನ ಕಡೆ ಮದುವೆಯಾದವಳನ್ನು "ಏನಾದ್ರೂ ವಿಶೇಷ ಇದೆಯಾ" ಅಂತ ಕೇಳಿದರೆ ಅದು ಬೇರೆಯೇ ಪ್ರಶ್ನೆ, ಅಲ್ವಾ?

ಇದನ್ನೆಲ್ಲ ಇವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ನಮ್ಮಂಥವರು ಎಷ್ಟು ಜನ ಇದ್ದಾರೋ" ಅಂದಳು.

ಹೋದ ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗಳ ಸೀಮಂತಕ್ಕೆ ಊರಿಗೆ ಹೋಗಿದ್ದೆವು. ಬಳೆ ತೊಡಿಸಲು ಮುತ್ತೈದೆಯರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಇವಳೂ ಎರಡು ಹಸಿರು ಬಳೆ ಹಿಡಿದು ಎದ್ದಳು. ಹಿರಿಯರೊಬ್ಬರು ಇವಳ ಕೈ ಮೆಲ್ಲಗೆ ಒತ್ತಿ "ನೀನು ಆಮೇಲೆ ಬಾಮ್ಮ" ಅಂದರು. ಆ ಆಮೇಲೆ ಬರಲೇ ಇಲ್ಲ. ಊಟವಾಯಿತು, ತಾಂಬೂಲವಾಯಿತು, ಎಲ್ಲರೂ ಹೊರಟರು. ಬಳೆ ಇವಳ ಬ್ಯಾಗಿನಲ್ಲೇ ಕುಂಬಳೆಯವರೆಗೆ ಬಂದವು. ಬಂದು ನೋಡಿದರೆ ಒಂದು ಒಡೆದಿತ್ತು. ಇನ್ನೊಂದನ್ನು ಇವಳು ಏನೂ ಮಾತಾಡದೆ ದೇವರ ಗೂಡಿನ ಪಕ್ಕ ಇಟ್ಟಳು.

ಅದಾಗಿ ಮೂರು ನಾಲ್ಕು ವಾರಕ್ಕೆ, ಜೂನ್ 10ರಂದು, ಜೋರು ಮಳೆಯಲ್ಲಿ ನಮ್ಮ ಪಂಚಾಯತಿನ ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೆ ಬಂದರು. ಡೆಂಗ್ಯೂ ಬಂದಿದೆ, ಎಲ್ಲಾದರೂ ನೀರು ನಿಂತಿದೆಯಾ ಅಂತ ನೋಡಲು ಬಂದವರು. ಮಲಯಾಳಿ, ಆದರೆ ಮಂಜೇಶ್ವರದ ಕಡೆ ತುಂಬಾ ವರ್ಷ ಇದ್ದವರು. ಕನ್ನಡ, ತುಳು ಎರಡೂ ಬರುತ್ತದೆ. ತೆಂಗಿನ ಚಿಪ್ಪು, ಹೂಕುಂಡ ಎಲ್ಲ ನೋಡಿ ಆದ ಮೇಲೆ ಚೀಲದಿಂದ ಇನ್ನೊಂದು ರಿಜಿಸ್ಟರ್ ತೆಗೆದರು. ಗಂಡ ಹೆಂಡತಿ ವಯಸ್ಸು ಎಷ್ಟು, ಮಕ್ಕಳೆಷ್ಟು, ಬೇಕು ಅಂತ ಇದ್ದೀರಾ, ಸದ್ಯಕ್ಕೆ ಬೇಡ ಅಂತ ಇದ್ದೀರಾ? ರೇಷನ್ ಕಾರ್ಡಿನ ವಿವರ ಕೇಳುವಷ್ಟು ಸಹಜವಾಗಿ ಕೇಳಿದರು. ಇವಳು "ಬೇಕು ಅಂತ ಇದ್ದೇವೆ, ಎಂಟು ತಿಂಗಳಾಯ್ತು" ಅಂದಳು. ನಾನು ಮೆಲ್ಲಗೆ ಒಳಗೆ ಹೋಗಲು ಎದ್ದೆ. ನಮ್ಮ ಮನೆಯಲ್ಲಿ ಇಂಥ ಮಾತು ಬಂದರೆ ಗಂಡಸರು ಏಳುತ್ತಾರೆ, ನನಗೂ ಅದೇ ಅಭ್ಯಾಸ.

"ನೀವು ಎಲ್ಲಿಗೆ? ಕೂತ್ಕೊಳ್ಳಿ, ಇದರಲ್ಲಿ ನೀವೂ ಇಲ್ವಾ?" ಅಂದರು ಸಿಸ್ಟರ್.

ಕೂತೆ.

ಗೋಡೆಯಲ್ಲಿ ನಾನು ವರ್ಷ ವರ್ಷವೂ ಊರಿಂದ ತರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇತ್ತು. ಇವಳು ಮುಟ್ಟಾದ ದಿನಕ್ಕೆ ಪೆನ್ಸಿಲ್ ಚುಕ್ಕೆ ಇಡುತ್ತಾಳೆ. ಸಿಸ್ಟರ್ ಅದನ್ನು ಕೆಳಗಿಳಿಸಿ ಮಂಚದ ಮೇಲೆ ಹರಡಿ ಚುಕ್ಕೆಯಿಂದ ಚುಕ್ಕೆಗೆ ಎಣಿಸಿದರು. 33, 32, 34, 33. "ನಿಮಗೆ 33 ದಿನ ಅಂತ ಇಟ್ಕೊಳ್ಳುವ. ನೀವು ಯಾವ ದಿನ ಲೆಕ್ಕ ಹಾಕ್ತಿದ್ದೀರಿ?" ನಾವು 14ನೇ ದಿನ ಅಂದೆವು. ಎಲ್ಲರೂ ಹೇಳುವುದು ಅದನ್ನೇ. ಮುಟ್ಟಾಗಿ 14ನೇ ದಿನ ಹೆಣ್ಣಿನ ಅಂಡಾಶಯದಿಂದ ಮೊಟ್ಟೆ ಬಿಡುಗಡೆಯಾಗುತ್ತದೆ ಅಂತ ಮೊಬೈಲಿನಲ್ಲೂ ಓದಿದ್ದೆ. ಅದರ ಹಿಂದಿನ ನಾಲ್ಕೈದು ದಿನ ತಪ್ಪದೆ ಸೇರಿ, 14 ಕಳೆದ ಮೇಲೆ ಈ ತಿಂಗಳದ್ದು ಮುಗಿಯಿತು ಅಂತ ಸುಮ್ನೆ ಇರುತ್ತಿದ್ದೆವು.

ಸಿಸ್ಟರ್ ಲೆಕ್ಕವನ್ನು ತಲೆಕೆಳಗು ಮಾಡಿದರು. 14 ದಿನ ಎಣಿಸಬೇಕಾದ್ದು ಹಿಂದಿನ ಮುಟ್ಟಿನಿಂದ ಮುಂದಕ್ಕಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ ಕಡೆ ಬಂದು ಸೇರುತ್ತವೆ, ಅದಕ್ಕೇ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇವಳಿಗೆ ಜೂನ್ 3ಕ್ಕೆ ಆಗಿತ್ತು. 33 ದಿನಕ್ಕೆ ಅಂದರೆ ಮುಂದಿನದು ಜುಲೈ 6. ಅಲ್ಲಿಂದ 14 ದಿನ ಹಿಂದೆ ಬಂದರೆ ಜೂನ್ 22. ಮೊಟ್ಟೆ ಹೊರಗೆ ಬಂದ ಮೇಲೆ ಬದುಕುವುದು 12ರಿಂದ 24 ಗಂಟೆ ಮಾತ್ರ. ಗಂಡಿನ ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಜೀವ ಹಿಡಿದಿರಬಲ್ಲದು. ಹಾಗಾಗಿ ಅದು ಮೊದಲೇ ಹೋಗಿ ಕಾದಿರಬೇಕು. ಜೂನ್ 17ರಿಂದ 22, ಒಟ್ಟು ಆರು ದಿನ. ಅದರಲ್ಲೂ ಕೊನೆಯ ಎರಡು ಮೂರು ದಿನಕ್ಕೆ ಅವಕಾಶ ಜಾಸ್ತಿ. ನಮ್ಮ 14ನೇ ದಿನ ಯಾವುದು? ಜೂನ್ 16. ಎಂಟು ತಿಂಗಳು ನಾವು ಬಾಗಿಲು ತೆರೆಯುವ ಹೊತ್ತಿಗೆ ಮನೆಗೆ ವಾಪಸ್ ಹೋಗುತ್ತಿದ್ದೆವು. ಇವಳು ಕ್ಯಾಲೆಂಡರನ್ನೇ ನೋಡುತ್ತಾ ಕೂತಿದ್ದಳು. ನಾನು ಅವಳ ಮುಖ ನೋಡಲಾಗದೆ ಮಳೆ ನೋಡಿದೆ.

"ಲೆಕ್ಕ ಒಂದನ್ನೇ ನಂಬಬೇಡಿ" ಅಂತಲೂ ಅವರೇ ಹೇಳಿದರು. ಜ್ವರ ಬಂದರೆ, ಪ್ರಯಾಣ ಮಾಡಿದರೆ, ಮನಸ್ಸು ಸರಿ ಇಲ್ಲದಿದ್ದರೆ ಮೊಟ್ಟೆ ತಡವಾಗಬಹುದು. ದೇಹವೇ ಗುರುತು ಕೊಡುತ್ತದಂತೆ. ಆ ದಿನಗಳಲ್ಲಿ ಬರುವ ದ್ರವ ಹಸಿ ಕೋಳಿಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಎಳೆ ಎಳೆಯಾಗಿ ಇರುತ್ತದೆ ಅಂದರು. ಇವಳು ಹುಟ್ಟಿದಾಗಿನಿಂದ ಮೊಟ್ಟೆ ಒಡೆದವಳಲ್ಲ. ಸಿಸ್ಟರ್ ಒಂದು ಕ್ಷಣ ಯೋಚಿಸಿ, ಬಾಗಿಲ ಬಳಿಯ ಕುಂಡದಿಂದ ಲೋಳೆಸರದ ತುದಿ ಮುರಿದು, ಒಳಗಿನ ಲೋಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಬಿಡಿಸಿದರು. ಒಂದು ಎಳೆ ತುಂಡಾಗದೆ ನಿಂತಿತು. "ಇದೇ ಮಗಳೇ, ಹೀಗೆ ಕಂಡರೆ ಹತ್ತಿರ ಬಂತು ಅಂತ. ದಿನ ಬಿಟ್ಟು ದಿನ ಸೇರಿದರೂ ಸಾಕು." ಮೆಡಿಕಲ್ ಶಾಪಿನಲ್ಲಿ ಮೂತ್ರದಲ್ಲಿ ನೋಡುವ ಪಟ್ಟಿ ಸಿಗುತ್ತದೆ, ಗೆರೆ ಗಾಢವಾಗಿ ಬಂದರೆ ಒಂದು ಒಂದೂವರೆ ದಿನದಲ್ಲಿ ಮೊಟ್ಟೆ ಬಿಡುಗಡೆ. ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ, ಇದ್ದವರಿಗೆ ಆ ಗೆರೆ ಮೋಸ ಮಾಡಬಹುದು. ಬೆಳಿಗ್ಗೆ ಏಳುವ ಮೊದಲು ಜ್ವರದ ಕಡ್ಡಿ ಇಟ್ಟು ನೋಡುವ ಕ್ರಮವೂ ಉಂಟು, ಆದರೆ ಮೈ ಬಿಸಿ ಏರುವುದು ಮೊಟ್ಟೆ ಬಂದ ಮೇಲೆ, ಆ ತಿಂಗಳಿಗೆ ಅದರಿಂದ ಉಪಯೋಗ ಕಡಿಮೆ. ಫೋಲಿಕ್ ಆಸಿಡ್ ಮಾತ್ರೆ ಬಸುರಾದ ಮೇಲಲ್ಲ, ಈಗಿಂದಲೇ ಶುರು ಮಾಡಿ ಅಂದರು.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನನ್ನು ಕೇಳಿದರು. "ನಿಮ್ಮ ಟೆಸ್ಟ್ ಆಯಿತಾ?"

ಆಗಿರಲಿಲ್ಲ. ಊರಿನ ಕಡೆ ಇವಳಿಗೆ ಸ್ಕ್ಯಾನಿಂಗ್ ಆಗಿತ್ತು, ಥೈರಾಯ್ಡ್ ಆಗಿತ್ತು, ಎರಡು ಸಲ ರಕ್ತ ಕೊಟ್ಟಿದ್ದಳು. ಅಮ್ಮನ ಹರಕೆಯಂತೆ ಕುಕ್ಕೆಗೆ ಹೋಗಿ ಎರಡು ದಿನ ಉಳಿದು ಸರ್ಪ ಸಂಸ್ಕಾರ ಮಾಡಿಸಿ ಬಂದಿದ್ದೆವು. ದೇವರ ಮೇಲೆ ನನಗೆ ಭಕ್ತಿ ಇದೆ, ಅದನ್ನು ತಪ್ಪು ಅನ್ನುತ್ತಿಲ್ಲ. ಆದರೆ ಅಷ್ಟು ಮಾಡಿದ ಮನೆಯಲ್ಲಿ ಒಬ್ಬರೂ, ಒಬ್ಬ ಡಾಕ್ಟರೂ ಸೇರಿ, ನನ್ನ ಕಡೆ ತಿರುಗಿ ಒಂದು ಮಾತು ಕೇಳಿರಲಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಸಮಸ್ಯೆಯೂ ಸೇರಿರುತ್ತದೆ. ಪರೀಕ್ಷೆಗಳಲ್ಲೆಲ್ಲ ಸುಲಭವಾದದ್ದು ಗಂಡಸಿನದೇ. ಎರಡು ಮೂರು ದಿನ ಸಂಯಮದಿಂದ ಇದ್ದು ಒಂದು ಡಬ್ಬಿಯಲ್ಲಿ ವೀರ್ಯ ಕೊಟ್ಟರೆ ಮುಗಿಯಿತು. ಸೂಜಿ ಇಲ್ಲ, ನೋವಿಲ್ಲ.

ಜುಲೈನಲ್ಲಿ ಮಂಗಳೂರಿಗೆ ಹೋಗಿ ಮಾಡಿಸಿದೆ. ವೀರ್ಯಾಣುವಿನ ಸಂಖ್ಯೆ ಸರಿ ಇದೆ, ಓಡಾಟ ಕಡಿಮೆ ಅಂತ ಬಂತು. ಸಿಗರೇಟು ಬಿಡಿ, ಬಿಸಿ ಬಿಸಿ ನೀರಿನಲ್ಲಿ ಹೊತ್ತುಗಟ್ಟಲೆ ಸ್ನಾನ ಬೇಡ, ಮೂರು ತಿಂಗಳ ಮೇಲೆ ಮತ್ತೆ ನೋಡೋಣ ಅಂದರು. ವೀರ್ಯಾಣು ತಯಾರಾಗಿ ಹೊರಬರಲು ಎರಡೂವರೆ ತಿಂಗಳು ಹಿಡಿಯುತ್ತದೆ, ಇವತ್ತು ಬಿಟ್ಟದ್ದರ ಫಲ ಅಷ್ಟು ತಡವಾಗಿ ಕಾಣುತ್ತದೆ. ರೈಲಿನಲ್ಲಿ ವಾಪಸ್ ಬರುವಾಗ ನನಗೆ ಆ ಹಸಿರು ಬಳೆಯೇ ಕಣ್ಣ ಮುಂದೆ.

ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮ ಮನೆಯಲ್ಲಿ ಇವಳು ಹೊರಗಾದರೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ? ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಮಾವಂದಿರಿಗೆ ಗೊತ್ತು, ಹಾಲು ಹಾಕುವವಳಿಗೆ ಗೊತ್ತು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡಳು ಅಂತ ಎದುರು ಮನೆಯವರಿಗೂ ಗೊತ್ತು. ಹಬ್ಬಕ್ಕೆ ಅಡ್ಡ ಬರುತ್ತದಾ ಅಂತ ಅಮ್ಮ ಒಂದು ತಿಂಗಳ ಮೊದಲೇ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ, ಆ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ. ಇಷ್ಟು ಕರಾರುವಾಕ್ಕಾಗಿ ಒಂದನೇ ದಿನ ಗೊತ್ತಿರುವ ಮನೆಯಲ್ಲಿ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಿ ಆ ಆರು ದಿನ ತೋರಿಸಲು ಒಬ್ಬರೂ ಇಲ್ಲ. ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಮೊಟ್ಟೆ ಬಿಡುಗಡೆಯಾಗುತ್ತದೆ ಅಂತ ಜಪಾನಿನ ಡಾಕ್ಟರ್ ಕ್ಯುಸಾಕು ಒಗಿನೊ ಬರೆದದ್ದು 1924ರಲ್ಲಿ. ನೂರು ವರ್ಷದಲ್ಲಿ ಅದು ನಮ್ಮ ನಡುಮನೆಗೆ ಬಂದಿಲ್ಲ. ಅದಕ್ಕೇ ಇಲ್ಲಿ ಮಳೆಯಲ್ಲಿ ಕೊಡೆ ಹಿಡಿದು ಬಂದು ಲೋಳೆಸರ ಮುರಿದು ತೋರಿಸಿದ ಆ ಹೆಂಗಸನ್ನು ನೆನೆದರೆ ನನಗೆ ಈ ಊರೇ ಇಷ್ಟವಾಗುತ್ತದೆ.

ಈ ಊರಿನಲ್ಲಿ ಎಲ್ಲವೂ ಚೆನ್ನ ಅಂತಲ್ಲ, ಅದನ್ನೂ ಹೇಳಬೇಕು. ಸಿಸ್ಟರ್ ಕೊಟ್ಟುಹೋದ ಹಾಳೆ ಪೂರ್ತಿ ಮಲಯಾಳದಲ್ಲಿತ್ತು. ಇಷ್ಟು ಕನ್ನಡದವರಿರುವ ಊರಿನಲ್ಲಿ, 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಮನೆಮನೆಯಲ್ಲಿ ಕನ್ನಡ ಉಳಿಸಿಕೊಂಡ ಜನಕ್ಕೆ, ಇಂಥ ಹಾಳೆ ಕನ್ನಡದಲ್ಲಿ ಇರಲೇಬೇಕಿತ್ತು. ಪಕ್ಕದ ಮನೆಯ ಅಕ್ಕ ಓದಿ ಹೇಳಿದರು. "ವಿಶೇಷಂ" ಬರೀ ಸಮಾಚಾರ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನನ್ನ ಜೊತೆ ಕೆಲಸ ಮಾಡುವ ಮಲಯಾಳಿ ಹುಡುಗಿಗೆ ಮದುವೆಯಾಗಿ ಆರು ತಿಂಗಳಿಗೆ "ವಿಶೇಷಂ ಆಯಿಲ್ಲೇ?" ಶುರುವಾಯಿತಂತೆ. ಆಕೆ ಅದನ್ನು ಹೇಳುವಾಗ ಮುಖ ನಮ್ಮವಳ ಮುಖದ ಹಾಗೇ ಇತ್ತು. ತಿಪಟೂರಿನ ನಮ್ಮ ಓಣಿಗೂ ಆಶಾ ಕಾರ್ಯಕರ್ತೆ ಬರುತ್ತಾರೆ, ಅವರ ಚೀಲದಲ್ಲೂ ಇಂಥದೇ ರಿಜಿಸ್ಟರ್ ಇದೆ. ಅವರಿಗೆ ಜಗಲಿಯಲ್ಲೇ ಕಾಫಿ ಕೊಟ್ಟು ಕಳಿಸುವವರು ನಾವು.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನಿಗೆ ಎಲ್ಲ ಹೇಳಿದೆ, ನನ್ನ ರಿಪೋರ್ಟಿನ ವಿಷಯವನ್ನೂ. ಅಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ತುಂಬಾ ಹೊತ್ತು ಸುಮ್ಮನಿದ್ದರು. "ಇದನ್ನ ಯಾರ ಹತ್ರಾನೂ ಹೇಳ್ಬೇಡಪ್ಪ" ಅಂದರು ಮೊದಲು. ಆಮೇಲೆ, ನಾನು ಬೆರಳಿನಲ್ಲಿ ಲೆಕ್ಕ ತೋರಿಸುತ್ತಿದ್ದಾಗ, ಮೆಲ್ಲಗೆ ಹೇಳಿದರು. "ನಮ್ಮಜ್ಜಿ ಹದಿನಾರು ರಾತ್ರಿ ಅಂತಿದ್ರು. ಮೊದಲ ನಾಲ್ಕು ಬಿಟ್ಟು ಉಳಿದದ್ದು."

ಕೂತು ಲೆಕ್ಕ ಹಾಕಿದೆ. ಮುಟ್ಟಾಗಿ 5ನೇ ದಿನದಿಂದ 16ನೇ ದಿನದವರೆಗೆ. 28 ದಿನದವರಿಗೆ ಆ ಆರೂ ದಿನ ಅದರೊಳಗೇ ಬರುತ್ತವೆ. ಇವಳಂಥವರಿಗೆ ಪೂರ್ತಿ ಬರುವುದಿಲ್ಲ ನಿಜ, ಆದರೂ ನಮ್ಮ 14ಕ್ಕಿಂತ ಎರಡು ದಿನ ಮುಂದೆ ಹೋಗುತ್ತಿತ್ತು. ಅಂದರೆ ಮನೆಯಲ್ಲಿ ಎಣಿಕೆ ಇತ್ತು.

"ಮತ್ತೆ ನಮಗೆ ಯಾಕಮ್ಮ ಹೇಳಲಿಲ್ಲ?"

"ನೀನು ಗಂಡು ಮಗ, ನಿನ್ನ ಹತ್ರ ಹೇಗೆ ಹೇಳೋದು? ಅವಳಿಗೆ ಅವಳಮ್ಮ ಹೇಳಿರ್ತಾರೆ ಅಂದ್ಕೊಂಡೆ."

ಅವತ್ತೇ ರಾತ್ರಿ ಇವಳು ತವರಿಗೆ ಫೋನ್ ಮಾಡಿ ಕೇಳಿದಳು. ಅವರಮ್ಮ, ಅದೆಲ್ಲ ನಿಮ್ಮತ್ತೆ ಹೇಳಿರ್ತಾರೆ ಅಂದುಕೊಂಡಿದ್ದರಂತೆ.

ಈಗ ಹನ್ನೊಂದನೇ ತಿಂಗಳು. ಇವಳಿಗೆ 29 ವರ್ಷ, ವರ್ಷ ತುಂಬಿದ ಮೇಲೆ ಇಬ್ಬರೂ ಒಟ್ಟಿಗೆ ತಜ್ಞರ ಹತ್ತಿರ ಹೋಗಿ ಅಂತ ಸಿಸ್ಟರ್ ಹೇಳಿದ್ದಾರೆ, 35 ದಾಟಿದ್ದರೆ ಆರು ತಿಂಗಳಿಗೇ ಕಳಿಸುತ್ತಿದ್ದರಂತೆ. ಅಕ್ಟೋಬರಿನಲ್ಲಿ ನನ್ನ ಎರಡನೇ ಟೆಸ್ಟ್ ಇದೆ. ಮೊನ್ನೆ ಅಮ್ಮ ಫೋನ್ ಮಾಡಿ ಇವಳ ಹತ್ತಿರ ಹದಿನೈದು ನಿಮಿಷ ಮಾತಾಡಿದರು. ಹುಣಸೆಹಣ್ಣಿನ ರೇಟು, ಮಳೆ, ಅಪ್ಪನ ಮಂಡಿ ನೋವು. ಕೊನೆಗೆ ನನಗೆ ಕೊಡು ಅಂದರು. "ಸಿಗರೇಟು ಬಿಟ್ಟಿದ್ದೀಯೇನೋ?" ಅಂತ ಕೇಳಿದರು.