ಒಂದೇ ಒಂದು ಕಲ್ಲು, ಪ್ಲೀಸ್

ಫೀಲ್ಡ್‌ನಿಂದ ವಾಪಸ್ ಬರುವಾಗ ನಿನ್ನೆ ನನ್ನ ಬ್ಯಾಗಿನ ಪಟ್ಟಿ ಕಿತ್ತುಕೊಂಡು ಬಂತು. ಹೊಸ ಬ್ಯಾಗು. ಕೊಳ್ಳುವಾಗ ಎಳೆದು, ಜಗ್ಗಿ ನೋಡಿಯೇ ತಂದಿದ್ದೆ. ಮಾಡಿದವರದ್ದೇನೂ ತಪ್ಪಿಲ್ಲ ಬಿಡಿ. ಪುಸ್ತಕ, ನೀರಿನ ಬಾಟಲಿ, ಹೆಚ್ಚೆಂದರೆ ಒಂದು ಛತ್ರಿ ಹೊರಲಿ ಅಂತ ಹೊಲಿದಿರುತ್ತಾರೆ. ಅದು ಜಿಯಾಲಜಿ ಡಿಗ್ರಿ ಓದುವವನ ಹೆಗಲಿಗೆ ಬೀಳುತ್ತೆ ಅಂತ ಅವರಿಗೇನು ಗೊತ್ತು?

ಪಟ್ಟಿ ಹೋದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಒಳಗಿದ್ದ ಕಲ್ಲುಗಳಲ್ಲಿ ಮುಕ್ಕಾಲು ಪಾಲು ನನ್ನವಲ್ಲ ಅನ್ನೋದೇ ಸಿಟ್ಟು. ಅವೆಲ್ಲ ನನ್ನ ಫೀಲ್ಡ್ ಪಾರ್ಟ್‌ನರ್‌ದು.

ಗ್ರಾನೈಟ್ ನೀರಿಗಿಂತ ಸುಮಾರು 2.7 ಪಟ್ಟು ಭಾರ. ಅಂದರೆ ಒಂದು ಲೀಟರ್ ನೀರು ಹಿಡಿಯುವಷ್ಟು ಜಾಗದಲ್ಲಿ ಗ್ರಾನೈಟ್ ತುಂಬಿದರೆ 2.7 ಕಿಲೋ. ಬಸಾಲ್ಟ್ ಆದರೆ ಹತ್ತಿರ ಹತ್ತಿರ 3. ಸೀಸದ ಅದಿರು ಗೆಲೀನಾ ಆದರಂತೂ 7.5. ಈ ಅಂಕಿಗಳನ್ನ ಮೊದಲ ಸೆಮಿಸ್ಟರಿನಲ್ಲೇ ಬಾಯಿಪಾಠ ಮಾಡಿಸುತ್ತಾರೆ. ಬೆನ್ನಿಗೆ ಅರ್ಥ ಆಗೋದು ಆಮೇಲೆ.

ಪಾರ್ಟ್‌ನರ್ ಒಳ್ಳೆಯವನೇ. ಓದುತ್ತಾನೆ, ನೋಟ್ಸ್ ಕೊಡುತ್ತಾನೆ. ಆದರೆ ನೆಲ ನೋಡಿಕೊಂಡು ನಡೆಯೋಕೆ ಶುರು ಮಾಡಿದ ಅಂದರೆ ಮುಗೀತು. ಒಂದು ಕಲ್ಲು ಎತ್ತುತ್ತಾನೆ. ಲೆನ್ಸ್ ಕಣ್ಣಿಗೆ ಅಂಟಿಸಿಕೊಂಡು, ಕಲ್ಲನ್ನ ಮೂಗಿನ ತನಕ ತಂದು ನೋಡುತ್ತಾನೆ. "ಒಂದೇ ಒಂದು, ಇಟ್ಕೋ ಮಾರಾಯ" ಅನ್ನುತ್ತಾನೆ. ಇಟ್ಟುಕೊಳ್ಳುತ್ತೇನೆ. ಹತ್ತು ಹೆಜ್ಜೆ ಆದ ಮೇಲೆ ಅದಕ್ಕಿಂತ ಚೆನ್ನಾಗಿರೋದು ಇನ್ನೊಂದು ಸಿಗುತ್ತೆ. ಹಾಗಾದರೆ ಮೊದಲನೇದು ಬಿಸಾಕೋಣ ಅಂದರೆ ಮುಖ ನೋಡಬೇಕು ನೀವು. "ಅದು ಗಾಳಿ ಮಳೆಗೆ ಹಳಸಿದ್ದು, ಇದು ಫ್ರೆಶ್. ಹೋಲಿಸೋಕೆ ಎರಡೂ ಬೇಕಲ್ವಾ?"

ಬೇಕು. ಅದೇ ಬಂದಿರೋ ಕಷ್ಟ. ಇವನು ಹೇಳೋದೆಲ್ಲ ಪುಸ್ತಕದಲ್ಲಿ ಇರೋದೇ. ಕಲ್ಲಿನ ಹೊರಮೈಯಲ್ಲಿ ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಜೇಡಿಯಾಗಿರುತ್ತೆ, ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾಗಿರುತ್ತೆ. ಬರೀ ಹೊರಗಿನ ಬಣ್ಣ ನಂಬಿದವನು ಕೆಟ್ಟ. ಒಡೆದು ಒಳಗೆ ನೋಡಲೇಬೇಕು. ಹಾಗಾಗಿ ಹಳಸಿದ್ದೊಂದು, ಫ್ರೆಶ್ ಒಂದು. ಆಮೇಲೆ ಎರಡು ಬಗೆಯ ಕಲ್ಲು ಸೇರುವ ಗಡಿಯಲ್ಲಿ ಒಂದು. ಕಾಳು ದಪ್ಪ ಇರೋದೊಂದು, ಸಣ್ಣ ಇರೋದೊಂದು. ಎಲ್ಲದಕ್ಕೂ ಅವನ ಹತ್ತಿರ ಕಾರಣ, ನನ್ನ ಹತ್ತಿರ ಬ್ಯಾಗು.

"ನಿನ್ನ ಬ್ಯಾಗಲ್ಲಿ ಹಾಕ್ಕೋ" ಅಂತ ಒಂದು ದಿನ ಹೇಳಿಯೇಬಿಟ್ಟೆ.

"ನನ್ನದರಲ್ಲಿ ಕ್ಲೈನೋಮೀಟರ್ ಇದೆ. ಕಲ್ಲು ತಾಗಿದ್ರೆ ಗ್ಲಾಸ್ ಒಡೆಯಲ್ವಾ?"

ಕ್ಲೈನೋಮೀಟರ್ ಅಂದರೆ ಕಲ್ಲಿನ ಪದರದ ದಿಕ್ಕು, ವಾಲಿಕೆ ಅಳೆಯುವ ದಿಕ್ಸೂಚಿ. ಇದಕ್ಕೇನು ಹೇಳೋದು? ಈಗಂತೂ ಕೇಳುವುದನ್ನೂ ಬಿಟ್ಟಿದ್ದಾನೆ. ಗುಡ್ಡ ಹತ್ತುವಾಗ ನನ್ನ ಹಿಂದೆಯೇ ಬರುತ್ತಾನೆ. ಝಿಪ್ ಎಳೆದ ಸದ್ದು ಕೇಳುತ್ತೆ, ಬ್ಯಾಗು ಒಂದು ಬೆರಳು ಕೆಳಗಿಳಿಯುತ್ತೆ. "ಏನೋ ಅದು?" ಅಂದರೆ, "ಏನಿಲ್ಲ, ನೀನು ನಡಿ."

ಇದು ಸಾಲದು ಅಂತ ಫೋಟೋ. ಬಂಡೆಯ ಫೋಟೋ ತೆಗೆಯುವಾಗ ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಹ್ಯಾಮರ್ ಇಡಬೇಕು, ಇಲ್ಲವಾದರೆ ಪೆನ್ನು, ನಾಣ್ಯ. ಬಂಡೆ ದೊಡ್ಡದಾದರೆ ಮನುಷ್ಯನನ್ನೇ ನಿಲ್ಲಿಸುತ್ತಾರೆ. ಆ ಮನುಷ್ಯ ಯಾವಾಗಲೂ ನಾನೇ. ಡಿಗ್ರಿಗೆ ಸೇರಿದ ಮೇಲೆ ನನ್ನ ಒಂದು ನೆಟ್ಟಗಿನ ಫೋಟೋ ಇಲ್ಲ. ಎಲ್ಲದರಲ್ಲೂ ನಾನು ಮೂಲೆಯಲ್ಲಿ ನಿಂತಿರುವ ಸ್ಕೇಲು.

ಇವನ ಹ್ಯಾಮರ್‌ದು ಇನ್ನೊಂದು ಕಥೆ. ಅದು ಸದಾ ಸೊಂಟದಲ್ಲಿ ನೇತಾಡುತ್ತಿರಬೇಕು. ಅದಿಲ್ಲದೆ ಜಿಯಾಲಜಿಸ್ಟ್ ಅನಿಸಲ್ವಂತೆ. ಪದರ ಯಾವ ದಿಕ್ಕಿಗೆ ಹಾದುಹೋಗಿದೆ, ಎಷ್ಟು ವಾಲಿದೆ ಅಂತ ಅಳೆಯೋದು ನಮ್ಮ ಕೆಲಸ. ದಿಕ್ಕಿಗೆ ಸ್ಟ್ರೈಕ್, ವಾಲಿಕೆಗೆ ಡಿಪ್. ಹೋದ ಸಲ ಅವನು ಬಗ್ಗಿ ಬಗ್ಗಿ ರೀಡಿಂಗ್ ಹೇಳಿದ, ನಾನು ಬರೆದುಕೊಂಡೆ. ಸಂಜೆ ಮ್ಯಾಪಿನ ಮೇಲೆ ಹಾಕಿ ನೋಡಿದರೆ ಬೇರೆಯವರದ್ದೆಲ್ಲ ಒಂದು ದಾರಿ, ನಮ್ಮದೇ ಒಂದು ದಾರಿ. ಎಲ್ಲರ ಪದರ ಗುಡ್ಡದುದ್ದಕ್ಕೂ ನೆಟ್ಟಗೆ ಹೋಗಿದೆ. ನಮ್ಮದು ಮಧ್ಯದಲ್ಲಿ ಮನಸ್ಸು ಬದಲಾಯಿಸಿ ಅಡ್ಡ ತಿರುಗಿದೆ.

ಸರ್ ಕನ್ನಡಕ ಮೇಲೆತ್ತಿ, "ಇದೇನಪ್ಪಾ?" ಅಂದರು.

ಇವನು ಒಂದು ಕ್ಷಣವೂ ತಡವರಿಸಲಿಲ್ಲ. "ಅಲ್ಲಿ ಫೋಲ್ಡ್ ಇದೆ ಅನ್ಸುತ್ತೆ ಸರ್."

ಭೂಮಿ ಒತ್ತಡಕ್ಕೆ ಸಿಕ್ಕಿ ಪದರಗಳು ಮಡಚಿಕೊಳ್ಳೋಕೆ ಲಕ್ಷಾಂತರ ವರ್ಷ ಬೇಕು. ನಮ್ಮವನು ಅದನ್ನ ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದ. ಸರ್ ಏನೂ ಮಾತಾಡಲಿಲ್ಲ. ಸುಮ್ನೆ ಅವನ ಸೊಂಟದ ಕಡೆ ಬೆರಳು ತೋರಿಸಿದರು. ಕ್ಲೈನೋಮೀಟರಿನ ಸೂಜಿ ಪಾಪ, ಭೂಮಿಯ ಉತ್ತರ ಬಿಟ್ಟು ಅವನ ಹ್ಯಾಮರ್ ಕಡೆ ನೋಡುತ್ತಾ ಕೂತಿತ್ತು. ಆಮೇಲೂ ಇವನದ್ದು ಒಂದೇ ಹಟ: "ಆದ್ರೂ ಫೋಲ್ಡ್ ಇದ್ರೂ ಇರಬಹುದು ಸರ್."

ಇಷ್ಟೆಲ್ಲ ಹೊತ್ತು ತಂದ ಕಲ್ಲಿಗೆ ಲ್ಯಾಬಿನಲ್ಲಿ ಏನಾಗುತ್ತೆ ಗೊತ್ತಾ? ಒಂದು ಚೂರು ಕೊಯ್ದು, ಗಾಜಿಗೆ ಅಂಟಿಸಿ, ಮೈಕ್ರೋಸ್ಕೋಪಿನಲ್ಲಿ ನೋಡೋಕೆ ಬೆಳಕು ಹಾದುಹೋಗುವಷ್ಟು ತೆಳ್ಳಗೆ ತಿಕ್ಕುತ್ತಾರೆ. ಕೊನೆಗೆ ಉಳಿಯುವ ದಪ್ಪ 0.03 ಮಿಲಿಮೀಟರ್. ಬೇಕಾಗಿದ್ದು ಅಷ್ಟೇ! ಉಳಿದ ಎರಡೂ ಮುಕ್ಕಾಲು ಕಿಲೋ ನನ್ನ ಮಂಚದ ಕೆಳಗೆ.

ಆ 0.03 ಮಿಲಿಮೀಟರಾದರೂ ನಮ್ಮ ಮಾತು ಕೇಳುತ್ತಾ? ಅದೂ ಇಲ್ಲ. ಪುಸ್ತಕದ ಚಿತ್ರದಲ್ಲಿ ಪ್ಲೇಜಿಯೊಕ್ಲೇಸ್ ಅನ್ನೋ ಫೆಲ್ಡ್‌ಸ್ಪಾರ್‌ಗೆ ಕಪ್ಪು ಬಿಳಿ ಪಟ್ಟೆ ಎಷ್ಟು ಚೆಂದ ಇರುತ್ತೆ. ಪರೀಕ್ಷೆಗೆ ಬರುವ ಸ್ಲೈಡಿನಲ್ಲಿ ಪಟ್ಟೆ ಇರಲ್ಲ. ಬೂದು ಬಣ್ಣದ ಕ್ವಾರ್ಟ್ಸ್ ಪಕ್ಕದಲ್ಲಿ ಬೂದು ಬಣ್ಣದ ಫೆಲ್ಡ್‌ಸ್ಪಾರ್ ಕೂತಿರುತ್ತೆ, ಎರಡೂ ನಮ್ಮನ್ನೇ ನೋಡುತ್ತಿರುತ್ತವೆ.

ಮಂಚದ ಕೆಳಗಿನ ಕಲ್ಲುಗಳನ್ನ ಹೋದ ಸಲ ಅಮ್ಮ ನೋಡಿದಳು. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಟೇಪ್ ಅಂಟಿಸಿ, ನಂಬರು, ಜಾಗ ಬರೆದಿಟ್ಟಿದ್ದೆ. ಮನೆಗೆ ಬರುವಷ್ಟರಲ್ಲಿ ಎಲ್ಲ ಬಿಸಿಲಲ್ಲಿ ಸಾಲಾಗಿ ಒಣಗುತ್ತಿದ್ದವು.

"ಮಣ್ಣು ಮಣ್ಣಾಗಿತ್ತು ಕಣೋ. ಸೋಪು ಹಾಕಿ ಉಜ್ಜಿದೀನಿ. ಆ ಟೇಪಿನ ಅಂಟು ಹೋಗೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ?"

ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಸ್ಯಾಂಪಲ್ ಬರೀ ಕಲ್ಲು. ಇದನ್ನ ಅಮ್ಮನಿಗೆ ವಿವರಿಸೋಕೆ ಹೋದೆ. "ಮುಂಚೆ ಏನಾಗಿತ್ತು ಹಾಗಾದ್ರೆ?" ಅಂದಳು.

ನೆಂಟರ ವಿಷಯ ಜಾಸ್ತಿ ಬೇಡ. ಭೂಕಂಪ ಯಾವಾಗ ಅಂತ ಕೇಳುತ್ತಾರೆ. ಉಂಗುರ ಬಿಚ್ಚಿ ಅಂಗೈಗೆ ಇಟ್ಟು, ಕಲ್ಲು ಅಸಲಿಯಾ ನೋಡು ಅನ್ನುತ್ತಾರೆ. ಒಬ್ಬರು ಹೊಳೆಯುವ ತುಂಡು ತಂದು, ಬಾಗಿಲು ಹಾಕಿ, ಪಿಸುಗುಟ್ಟಿದರು: "ಚಿನ್ನ ಅಲ್ವಾ?" ಪಿಂಗಾಣಿ ತುಂಡಿಗೆ ಉಜ್ಜಿ ತೋರಿಸಿದೆ. ಚಿನ್ನವಾದರೆ ಗೆರೆಯೂ ಹಳದಿಯೇ. ಪೈರೈಟ್ ಆದ್ದರಿಂದ ಹಸಿರು ಮಿಶ್ರಿತ ಕಪ್ಪು ಗೆರೆ ಬಂತು. ಆವತ್ತಿಂದ ಅವರು ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾರೆ.

ಹಾಗಂತ ಬಿಟ್ಟು ಹೋಗೋಣ ಅಂತ ಅನಿಸಿಲ್ಲ. ಒಂದು ಸಲ ಗುಡ್ಡದ ಮೇಲೆ ಮರಳುಗಲ್ಲಿನ ದೊಡ್ಡ ಹಾಸು ಸಿಕ್ಕಿತ್ತು. ಮೈತುಂಬ ಸಾಲು ಸಾಲು ಏಣು. ಏಣಿನ ಎರಡೂ ಬದಿ ಒಂದೇ ಥರ ಇಳಿಜಾರು. ಒಂದೇ ಕಡೆ ಹರಿಯುವ ನೀರು ಹೀಗೆ ಮಾಡಲ್ಲ, ಅದರ ಏಣು ಒಂದು ಕಡೆ ಕಡಿದಾಗಿರುತ್ತೆ. ಇದು ಆಳವಿಲ್ಲದ ನೀರಿನಲ್ಲಿ ಅಲೆ ಅತ್ತ ಇತ್ತ ತೂಗಾಡಿದ್ದು. ಆ ನೀರು ಈಗ ಎಲ್ಲೂ ಇಲ್ಲ. ಯಾವುದೋ ಒಂದು ದಿನದ ಅಲೆ, ಅದನ್ನ ನೋಡೋಕೆ ಆಗ ಒಂದು ಕಣ್ಣೂ ಇರಲಿಲ್ಲವೇನೋ. ಕೈಯಿಟ್ಟು ಸವರಿದೆ. ಪಾರ್ಟ್‌ನರ್ ಕೂಡ ಸುಮ್ಮನೆ ನಿಂತಿದ್ದ. ಆಮೇಲೆ ನೋಡಿದರೆ ಅವನ ಕಣ್ಣು ಹಾಸಿನಿಂದ ನನ್ನ ಬ್ಯಾಗಿಗೆ, ಬ್ಯಾಗಿನಿಂದ ಹಾಸಿಗೆ ಓಡಾಡುತ್ತಿತ್ತು.

"ಯೋಚನೆ ಕೂಡ ಮಾಡಬೇಡ" ಅಂದೆ.

ಅಮ್ಮ ತೊಳೆದ ಕಲ್ಲುಗಳಿಗೆ ಮತ್ತೆ ಗುರುತು ಹಚ್ಚಿ, ಇಲ್ಲದ ಫೋಲ್ಡನ್ನ ಮ್ಯಾಪಿನಿಂದ ಅಳಿಸಿ, ಹೋದ ಸಲದ ರಿಪೋರ್ಟ್ ಕೊಡುವಾಗ ಒಂದು ದಿನ ತಡವಾಯಿತು. ಸರ್ ಗಡಿಯಾರ ನೋಡಿದರು. ಇದೇ ಸರ್, ಜಿರ್ಕಾನ್ ಹರಳಿನಿಂದ ಕಲ್ಲಿನ ವಯಸ್ಸು ಲೆಕ್ಕ ಹಾಕುವ ಪಾಠದಲ್ಲಿ, ಇನ್ನೂರು ಕೋಟಿ ವರ್ಷದ ಕಲ್ಲಿಗೆ ಇಪ್ಪತ್ತು ಲಕ್ಷ ವರ್ಷ ಆಚೆ ಈಚೆ ಬಂದರೆ ಬಹಳ ಒಳ್ಳೆಯ ರಿಸಲ್ಟ್ ಅಂತ ಹೇಳಿಕೊಟ್ಟಿದ್ದರು. ಪಾರ್ಟ್‌ನರ್‌ಗೆ ಅದು ನೆನಪಿತ್ತು.

"ಸರ್, ನಾವು ಈಗಿರೋ ಹೊಲೊಸೀನ್ ಯುಗ ಶುರುವಾಗಿಯೇ 11,700 ವರ್ಷ ಆಯ್ತು. ಅದನ್ನೇ ನಾವು ಮೊನ್ನೆ ಮೊನ್ನೆ ಅಂತೀವಿ. ಇದು ಒಂದು ದಿನ ಸರ್. ಪ್ಲಸ್ ಆರ್ ಮೈನಸ್ ಅಂತ ಬಿಡಬಹುದಲ್ವಾ?"

ಸರ್ ತಲೆ ಎತ್ತಲಿಲ್ಲ. ರಿಪೋರ್ಟಿನ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಎರಡು ಅಂಕ ಕಳೆದರು. ಪ್ಲಸ್ ಇರಲಿಲ್ಲ.