ಎಚ್‌ಆರ್ ಆಗುವವರು ಮೊದಲು ಕಾನೂನು ಕಲೀಬೇಕಾ?

ಪರ

ಹೌದು, ಮೊದಲು ಅದೇ. ಕಾಸರಗೋಡು ಪೇಟೆಯ ಒಂದು ಜವುಳಿ ಅಂಗಡಿಗೆ ನಾನು ಎಚ್‌ಆರ್ ಆಗಿ ಸೇರಿದಾಗ ಇಂಟರ್‌ವ್ಯೂ ಮಾಡ್ಲಿಕ್ಕೆ, ಹಾಜರಿ ನೋಡ್ಲಿಕ್ಕೆ ಬಿಟ್ರೆ ಬೇರೆಂತ ಗೊತ್ತಿರ್ಲಿಲ್ಲ. ಎರಡೇ ತಿಂಗಳಲ್ಲಿ, 8 ವರ್ಷ ದುಡಿದ ಒಬ್ಬರು ಅಕ್ಕ ಕೆಲಸ ಬಿಟ್ರು, ಅವರ ಕೊನೆಯ ತಿಂಗಳ ಬೇಸಿಕ್ಕು, ಡಿಎ (ತುಟ್ಟಿಭತ್ಯೆ) ಸೇರಿ 13,000, ನಾನು ಅದನ್ನ 30ರಿಂದ ಭಾಗಿಸಿ ವರ್ಷಕ್ಕೆ 15 ದಿನದ ಹಾಗೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, 52,000 ಅಂತ ಬರೆದೆ. ಭಾಗಿಸಬೇಕಾದ್ದು 26ರಿಂದ. ಸರಿ ಲೆಕ್ಕ 60,000. ಅಕೌಂಟೆಂಟ್ ನೋಡಿ ಹೇಳಿದ್ರು ಅಂತ ಸರಿಯಾಯ್ತು, ಇಲ್ಲದಿದ್ರೆ ಆ ಅಕ್ಕನ 8,000 ರೂಪಾಯಿ ನನ್ನಿಂದಾಗಿ ಹೋಗ್ತಿತ್ತು, ಅವರಿಗೆ ಗೊತ್ತೂ ಆಗ್ತಿರ್ಲಿಲ್ಲ. ಅದು ಈಗಲೂ ನೆನಪಾದ್ರೆ ಹೊಟ್ಟೆ ಚುಳ್ ಅಂತದೆ.

ಇಎಸ್‌ಐ, ಅಂದ್ರೆ ಕೆಲಸಗಾರರ ಸರಕಾರಿ ವಿಮೆ, ಅದೂ ಹಾಗೇ. 21,000ದ ಒಳಗಿನ ಸಂಬಳಕ್ಕೆ ಕೆಲಸಗಾರರಿಂದ 0.75 ಪರ್ಸೆಂಟ್, ಧಣಿಗಳದ್ದು 3.25, ಇದನ್ನ ಸರಿಯಾಗಿ ಕಟ್ಟದಿದ್ರೆ ಮೊದಲೆರಡು ಹೆರಿಗೆಗೆ ಸಿಗಬೇಕಾದ 26 ವಾರದ ದುಡ್ಡಿಗೆ ಹುಡುಗಿ ಎಷ್ಟು ಕಡೆ ಅಲೀಬೇಕು ಹೇಳಿ.

ಮತ್ತೆ ಕೂತ್ಕೊಳ್ಳುವ ಹಕ್ಕು. ಕಲ್ಲಿಕೋಟೆಯ ಅಂಗಡಿ ಹೆಂಗಸರು ಹೋರಾಡಿದ್ದಕ್ಕೆ 2018ರಲ್ಲಿ ಕೇರಳದ ಅಂಗಡಿ ಕಾನೂನಿಗೆ ತಿದ್ದುಪಡಿ ಬಂತು, ದಿನವಿಡೀ ನಿಲ್ಲಿಸುವ ಹಾಗಿಲ್ಲ, ಕೂರ್ಲಿಕ್ಕೆ ವ್ಯವಸ್ಥೆ ಬೇಕು. ಅದರ ಪ್ರಿಂಟ್ ತೆಗ್ದು ಧಣಿಗಳ ಮೇಜಿನ ಮೇಲೆ ಇಟ್ಟೆ. ವಾರದೊಳಗೆ ಸ್ಟೂಲ್ ಬಂತು.

ವಿರೋಧ

ಸ್ಟೂಲ್ ಬಂತು, ಆದ್ರೆ ಒಂದು ತಿಂಗಳಾದ್ರೂ ಅದರಲ್ಲಿ ಯಾರೂ ಕೂತದ್ದು ಕಾಣ್ಲಿಲ್ಲ. ಸೀರೆ ಸೆಕ್ಷನ್ನಿನ ಸ್ಟೂಲಿನ ಮೇಲೆ ಬ್ಲೌಸ್ ಪೀಸಿನ ಕಟ್ಟು, ಕಟ್ಟಿನ ಮೇಲೆ ಅಳತೆ ಟೇಪು, ಪಕ್ಕದಲ್ಲೇ ಹುಡುಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕ್ತಾ ನಿಂತಿದ್ದಾಳೆ. ನಾನು ಅಂಟಿಸಿದ ನೋಟಿಸು ಮಲೆಯಾಳದಲ್ಲಿತ್ತು, ಬದಿಯಡ್ಕ ಮುಳ್ಳೇರಿಯ ಕಡೆಯಿಂದ ಬಸ್ಸಲ್ಲಿ ಬರುವವರು ಸುಮಾರು ಜನ ಕನ್ನಡ ಮೀಡಿಯಂ, ಹಾಗಾಗಿ ಅದು ಅರ್ಥ ಆಗ್ಲಿಲ್ಲವೇನೋ ಅಂತ ಕನ್ನಡದಲ್ಲೂ ಬರೆದು ಅಂಟಿಸಿದೆ, ಆದ್ರೂ ಕಟ್ಟು ಅಲ್ಲೇ. ಕೊನೆಗೆ ಒಂದಿನ ಊಟದ ಹೊತ್ತಿಗೆ ಬುತ್ತಿ ತಗೊಂಡು ಅವರ ಜೊತೆಯೇ ಕೂತೆ, ತುಳುವಿನಲ್ಲಿ ಆಚೆ ಈಚೆ ಮಾತಾಡಿ ಮೆಲ್ಲ ಕೇಳಿದೆ. ಒಬ್ಬಳು ಹೇಳಿದ್ಲು, ಕೂತ್ರೆ ಸೂಪರ್‌ವೈಸರ್ ಕ್ಯಾಮೆರಾದಲ್ಲಿ ನೋಡ್ತಾರಕ್ಕ, ತಿಂಗಳ ಕೊನೆಗೆ ಇನ್ಸೆಂಟಿವ್ ಕಮ್ಮಿ ಬರ್ತದೆ.

ಇದು ಯಾವ ಕಾನೂನು ಪುಸ್ತಕದಲ್ಲಿ ಉಂಟು? 26ರಿಂದ ಭಾಗಿಸ್ಬೇಕು ಅಂತ ಕನ್ಸಲ್ಟೆಂಟಿಗೆ ಫೋನ್ ಮಾಡಿದ್ರೆ ಎರಡು ನಿಮಿಷದಲ್ಲಿ ಹೇಳ್ತಾರೆ, ಜನ ನಮ್ಮ ಹತ್ರ ಬಾಯಿ ಬಿಡ್ಬೇಕಾದ್ರೆ ತಿಂಗಳುಗಟ್ಟಲೆ ಬೇಕು. ಲೈಂಗಿಕ ಕಿರುಕುಳದ ವಿಷಯ ಆದ್ರಂತೂ ಇನ್ನೂ ಕಷ್ಟ, 10 ಜನ ಇದ್ದಲ್ಲಿ ಕಮಿಟಿ ಇರ್ಬೇಕು, 3 ತಿಂಗಳ ಒಳಗೆ ದೂರು ಬರೆದು ಕೊಡ್ಬೇಕು, ಎಲ್ಲ ಸರಿ, ಆದ್ರೆ ಯಾರನ್ನ ನಂಬಿ ಬರೆಯೋದು ಅಂತ ಯೋಚಿಸ್ತಾ ಯೋಚಿಸ್ತಾ ಆ 3 ತಿಂಗಳು ಮುಗಿದೇ ಹೋಗ್ತದೆ. ಹಾಗಾಗಿ ಹೊಸಬರು ಬಂದ್ರೆ ನಾನು ಮೊದಲು ಕಳಿಸೋದು ಊಟದ ಕೋಣೆಗೆ, ಫೈಲು ಮಧ್ಯಾಹ್ನದ ಮೇಲೆ.

ಮರುದಿನ ಸೂಪರ್‌ವೈಸರನ್ನ ಕರೆದು ಇನ್ಸೆಂಟಿವ್ ಶೀಟ್ ಬಿಡಿಸಿ ಕೂತೆ, ಆ ಹುಡುಗಿಯ ಹೆಸರು ಹೇಳ್ಲಿಲ್ಲ. ಬ್ಲೌಸ್ ಪೀಸಿನ ಕಟ್ಟು ರ‍್ಯಾಕಿಗೆ ಹೋದದ್ದು ಅದಾದ ಮೇಲೆ.