“ಗಲಾಟೆ ಮಾಡಬೇಡಿ” ಅಂತ ಅರಚುವ ಮೈಕು

“ಪ್ರಾಣಿಗಳಿಗೆ ತೊಂದರೆಯಾಗುತ್ತದೆ, ದಯವಿಟ್ಟು ಗಲಾಟೆ ಮಾಡಬೇಡಿ.” ಇದನ್ನು ಝೂದವರು ಹೇಗೆ ಹೇಳುತ್ತಾರೆ ಗೊತ್ತಾ? ಲೌಡ್‌ಸ್ಪೀಕರ್‌ನಲ್ಲಿ! ಕಂಬಕ್ಕೊಂದು ಸ್ಪೀಕರ್ ಕಟ್ಟಿ, ಗಳಿಗೆಗೊಮ್ಮೆ, ಕರ್‌ಕರ್ ಸದ್ದಿನ ಸಮೇತ. ನಿನ್ನೆ ಮಗನನ್ನು ಕರೆದುಕೊಂಡು ಹೋಗಿಬಂದೆ. ನನ್ನ ತಲೆಯಲ್ಲಿ ಈಗಲೂ ಅದೇ ಮೊಳಗುತ್ತಿದೆ. ಅವನ ತಲೆಯಲ್ಲಿ ಏನು ಮೊಳಗುತ್ತಿದೆಯೋ, ಅವನು ಬಾಯಿಬಿಟ್ಟು ಹೇಳುವವನಲ್ಲ.

ಅವನ ವಿಷಯ ನಿಮಗೆಲ್ಲ ಗೊತ್ತಿರುವುದೇ: ಅವನಿಗೆ ಆಟಿಸಂ ಇದೆ, ಸದ್ದುಗದ್ದಲ ಮೈಮೇಲೆ ಬಿದ್ದರೆ ತಡೆದುಕೊಳ್ಳಲಾರ. ಉಳಿದದ್ದು ಬೇಕಾದವರು ಹಳೆಯ ಪೋಸ್ಟ್ ಹುಡುಕಿ ಓದಿ, ಮತ್ತೆ ಮೊದಲಿನಿಂದ ಶುರು ಮಾಡುವ ತಾಳ್ಮೆ ಇವತ್ತು ನನಗಿಲ್ಲ. ಜೊತೆಗೆ ವೀಲ್‌ಚೇರ್‌ನಲ್ಲಿ ನಮ್ಮತ್ತೆಯೂ ಇದ್ದರು. ಹಾಗಾಗಿ ಒಂದೇ ಟಿಕೆಟ್‌ನಲ್ಲಿ ಎರಡೆರಡು ಪಾಡು.

ಮಂಗಗಳ ಸಾಲಿಗೆ ಬಂದೆವು. ಗಿಬ್ಬನ್‌ಗಳು ಹಾಡುತ್ತಿದ್ದವು. ಕಾಡಿನಲ್ಲಿ ಆ ದನಿ ಕಿಲೋಮೀಟರುಗಟ್ಟಲೆ ಕೇಳಿಸುತ್ತದೆ, ಅದರ ಮೇಲೆ ನನಗೇನೂ ದೂರಿಲ್ಲ. ಅದು ಅವುಗಳ ಮನೆ, ಅವುಗಳ ಗಂಟಲು. ಅದರ ಮೇಲೊಂದು ಮೈಕು, ಮೈಕಿನ ಮೇಲೊಂದು ಶಾಲೆಯ ಮಕ್ಕಳ ಸೀಟಿ. ಮಗ ಕಿವಿ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದ. ಆಮೇಲೆ ಕಿರುಚಿದ. ಗಾರ್ಡ್ ಓಡಿಬಂದು, “ಮೇಡಂ, ಮಗೂನ ಸ್ವಲ್ಪ ಸುಮ್ನಿರ್ಸಿ, ಪ್ರಾಣಿಗಳು ಗಾಬರಿಯಾಗ್ತವೆ” ಅಂದ. “ಇವನನ್ನ ಸದ್ದಿಲ್ಲದ ಕಡೆ ಹತ್ತು ನಿಮಿಷ ಕೂರಿಸ್ಬೇಕು, ಎಲ್ಲಿ ಕೂರಿಸ್ಲಿ?” ಅಂತ ಕೇಳಿದೆ. ಪಾಪ, ನಿಜವಾಗಿಯೂ ಯೋಚನೆ ಮಾಡಿದ. ಮಾಡಿ, “ಹೊರಗಡೆ ಪಾರ್ಕಿಂಗ್ ಇದೆಯಲ್ಲ ಮೇಡಂ” ಅಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹೇಳಿಕೊಟ್ಟಿರುವುದೇ ಅಷ್ಟು. ಆದರೆ ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಚಿರತೆಯ ಆವರಣ. ಅದರೊಳಗೆ ಗುಹೆ, ಪೊದೆ, ಎತ್ತರದ ಅಟ್ಟ. ಬೋರ್ಡು ಬೇರೆ: ಚಿರತೆ ವಿಶ್ರಾಂತಿಯಲ್ಲಿರಬಹುದು, ಕಾಣಿಸದಿದ್ದರೆ ಸಹಕರಿಸಿ. ಸಹಕರಿಸೋಣ, ಧಾರಾಳವಾಗಿ! ಸಾಕಾಯಿತು ಅನಿಸಿದಾಗ ಮರೆಗೆ ಸರಿಯುವ ಅವಕಾಶ ಚಿರತೆಗಿದೆ, ಟಿಕೆಟ್ ಕೊಂಡು ಒಳಗೆ ಬಂದ ಮಗುವಿಗೆ ಪಾರ್ಕಿಂಗ್ ಜಾಗ.

ಝೂಗಳಿಗೆ ಇದೆಲ್ಲ ಗೊತ್ತಿಲ್ಲ ಅಂದಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಸ್ವಿಟ್ಜರ್ಲೆಂಡಿನ ಝೂಗಳನ್ನು ನಡೆಸಿದ ಹೈನಿ ಹೆಡಿಗರ್ 1940ರ ದಶಕದಲ್ಲೇ ಬರೆದಿಟ್ಟಿದ್ದಾರೆ: ಪ್ರತಿ ಪ್ರಾಣಿಗೂ ಇಷ್ಟು ಹತ್ತಿರ ಬಂದರೆ ಓಡಿಹೋಗುತ್ತೇನೆ ಎನ್ನುವ ಒಂದು ದೂರವಿದೆ, ಅದನ್ನು ಗೌರವಿಸದ ಆವರಣ ಆವರಣವೇ ಅಲ್ಲ. ಗಾಜು ಬಡಿಯಬೇಡಿ, ಫ್ಲಾಶ್ ಹಾಕಬೇಡಿ ಎಂಬ ಬೋರ್ಡುಗಳೆಲ್ಲ ಇಂಥ ತಿಳಿವಳಿಕೆಯಿಂದಲೇ ಬಂದಿರುವುದು. ಸದ್ದು, ಬೆಳಕು, ವಾಸನೆ, ಜನ, ಇವು ಒಟ್ಟಿಗೆ ಮೈಮೇಲೆ ಬಿದ್ದರೆ ಒಂದು ಜೀವಕ್ಕೆ ಏನಾಗುತ್ತದೆ ಎನ್ನುವುದರಲ್ಲಿ ಇವರು ಪಂಡಿತರು. ಆ ಪಾಂಡಿತ್ಯ ಬೇಲಿಯ ಆಚೆಗಷ್ಟೇ ಯಾಕೆ ನಿಲ್ಲುತ್ತದೆ?

ಟೆಂಪಲ್ ಗ್ರ್ಯಾಂಡಿನ್ ಹೆಸರು ಕೇಳಿರುತ್ತೀರಿ. ಆಟಿಸಂ ಇರುವ ಪ್ರಾಣಿವಿಜ್ಞಾನಿ. ದನಗಳು ಯಾಕೆ ಮುಂದಕ್ಕೆ ಹೋಗದೆ ಹಟ ಹಿಡಿಯುತ್ತವೆ ಎಂದು ಯಾರಿಗೂ ಅರ್ಥವಾಗದಿದ್ದಾಗ, ಅವು ನಡೆಯುವ ಓಣಿಯೊಳಗೆ ತಾನೇ ಇಳಿದು ನೋಡಿದಾಕೆ. ನೇತಾಡುವ ಒಂದು ಸರಪಳಿ, ನೆಲದ ಮೇಲೊಂದು ನೆರಳು, ನೀರಿನ ಮೇಲಿನ ಹೊಳಪು, ಅಷ್ಟೇ ಕಾರಣ. ಅದನ್ನು ತೆಗೆದರೆ ದನ ನಡೆಯುತ್ತದೆ. ಆಕೆಯ ಮಾತು ಕೇಳಿ ದನದ ಓಣಿಗಳನ್ನೇ ಬದಲಾಯಿಸಿದ್ದಾರೆ. ನನ್ನ ಮಗ ಹೆಜ್ಜೆ ಎತ್ತದಿದ್ದರೆ ಮಾತ್ರ “ಎಷ್ಟು ಹಟ ನೋಡಿ, ಎರಡು ಬಿಡ್ಬೇಕು” ಅಂತ ಹಿಂದಿನಿಂದ ದನಿ ಬರುತ್ತದೆ. ಹಟವಲ್ಲಮ್ಮಾ, ಮೆಲ್ಟ್‌ಡೌನ್, ಅಂದರೆ ತಡೆದುಕೊಳ್ಳಲಾಗದೆ ಹಿಡಿತ ತಪ್ಪುವುದು. ಸದ್ದು, ಬೆಳಕುಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಯಲ್ಲಿ ವೈದ್ಯರು 2013ರಿಂದಲೇ ಸೇರಿಸಿಕೊಂಡಿದ್ದಾರೆ. ನಿಮ್ಮ ಎರಡೇಟಿಗೆ ಅದು ಇಳಿಯುವುದಿಲ್ಲ.

ಇನ್ನು ನಮ್ಮತ್ತೆ. ಅವರು ನಿನ್ನೆ ನೋಡಿದ್ದು ಗೋಡೆ. ಸಿಂಹದ ಗೋಡೆ, ಕರಡಿಯ ಗೋಡೆ, ನೀರಾನೆಯ ಗೋಡೆ. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾರ್ಲ್ ಹಾಗೆನ್‌ಬೆಕ್ ಕಂಬಿ ಕಿತ್ತುಹಾಕಿ, ಕಂದಕ ತೋಡಿ, ಬಯಲಲ್ಲೇ ಸಿಂಹ ತೋರಿಸಿದ. ಜಗತ್ತು ಬೆರಗಾಯಿತು, ಎಲ್ಲರೂ ಅದನ್ನೇ ಮಾಡಿದರು. ಸರಿ. ಆದರೆ ಕಂದಕ ಅಂದಮೇಲೆ ಅಂಚಿಗೊಂದು ಮೋಟುಗೋಡೆ ಬೇಕಲ್ಲ? ನಿಂತವರ ಎದೆಮಟ್ಟ ಬರುವ ಗೋಡೆ ಕೂತವರಿಗೆ ಆಕಾಶ. ಆ ಗೋಡೆಯಲ್ಲಿ ಎರಡು ಮಾರು ಅಗಲದ ಗಟ್ಟಿ ಗಾಜು ಕೂರಿಸಿದರೆ ವೀಲ್‌ಚೇರ್‌ನವರಿಗೂ ಕಾಣುತ್ತದೆ, ಚಿಕ್ಕ ಮಕ್ಕಳಿಗೂ ಕಾಣುತ್ತದೆ. ಪಕ್ಷಿಗಳ ಬಲೆಮನೆಯ ಕಥೆ ಕೇಳಲೇಬೇಡಿ. ಹಕ್ಕಿ ಹಾರಿಹೋಗದಿರಲಿ ಅಂತ ಜೋಡಿ ಬಾಗಿಲು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕು. ನಡುವಿನ ಜಾಗದಲ್ಲಿ ವೀಲ್‌ಚೇರ್ ಹಿಡಿಯುತ್ತದೆ, ತಳ್ಳುವವಳು ಹಿಡಿಯುವುದಿಲ್ಲ! ಅತ್ತೆ ಒಳಗೆ, ನಾನು ಹೊರಗೆ. “ನನ್ನನ್ನೂ ಇಲ್ಲೇ ಸಾಕಿಕೊಳ್ಳಲಿ ಬಿಡು” ಅಂದರು. ಅವರ ನಾಲಿಗೆ ಹಾಗೆ, ಅದಕ್ಕೇ ಅವರೆಂದರೆ ನನಗೆ ಪ್ರೀತಿ.

ಗೊತ್ತು, ಗೊತ್ತು. “ಝೂ ಇರೋದು ಪ್ರಾಣಿಗಳಿಗೆ, ನಾಲ್ಕು ಜನಕ್ಕೋಸ್ಕರ ಎಲ್ಲ ಬದಲಾಯಿಸೋಕಾಗುತ್ತಾ?” ಅನ್ನುವವರಿದ್ದೀರಿ. ಒಂದು ವಿಷಯದಲ್ಲಿ ನಾನೂ ಪ್ರಾಣಿಗಳ ಪಕ್ಷವೇ: ಅಂಧರ ಮಾರ್ಗದರ್ಶಕ ನಾಯಿಯನ್ನು ಕೆಲವು ಆವರಣಗಳ ಹತ್ತಿರ ಬಿಡುವುದಿಲ್ಲ ಎಂದರೆ ಒಪ್ಪುತ್ತೇನೆ. ಜಿಂಕೆಗೆ ನಾಯಿ ಅಂದರೆ ಬೇಟೆಗಾರನೇ. ಎಲ್ಲೆಲ್ಲಿ ಬಿಡುವುದಿಲ್ಲ ಎಂದು ಮೊದಲೇ ತಿಳಿಸಿದರಾಯಿತು. ಉಳಿದದ್ದಕ್ಕೆ ನಿಮ್ಮ ವಾದ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಗಣನೀಯ ಅಂಗವೈಕಲ್ಯ ಇರುವವರು ಸುಮಾರು 130 ಕೋಟಿ, ಅಂದರೆ ಆರು ಜನರಲ್ಲಿ ಒಬ್ಬರು. ಭಾರೀ ನಾಲ್ಕು ಜನ! ವಿರಾಮ, ಆಟ, ಪ್ರವಾಸ ಎಲ್ಲದರಲ್ಲೂ ಇವರಿಗೆ ಸಮಪಾಲು ಎಂದು ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 30ನೇ ವಿಧಿಯಲ್ಲಿ ಬರೆದಾಗಿದೆ. ಮತ್ತೆ, ನಾನು ಕೇಳುತ್ತಿರುವುದರಲ್ಲಿ ಅರ್ಧಕ್ಕೆ ದುಡ್ಡೇ ಬೇಕಿಲ್ಲ. ಮೈಕು ಆರಿಸಲು ಎಷ್ಟು ಖರ್ಚು? ಎಲ್ಲಿ ಗದ್ದಲ, ಎಲ್ಲಿ ಕಟುವಾಸನೆ, ಎಲ್ಲಿ ಒಮ್ಮೆಲೇ ಕತ್ತಲು ಎಂದು ನಕ್ಷೆಯಲ್ಲಿ ಗುರುತು ಹಾಕಲು? ನಿಶಾಚರಿಗಳ ಮನೆಯಲ್ಲಿ ಹಗಲು ರಾತ್ರಿಯನ್ನು ಅದಲುಬದಲು ಮಾಡಿಟ್ಟಿರುತ್ತಾರೆ. ಬಿಸಿಲಿನಿಂದ ಒಳಗೆ ಕಾಲಿಟ್ಟ ಕಣ್ಣು ಆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಬಾಗಿಲಲ್ಲೊಂದು ಚೀಟಿ ಅಂಟಿಸಿದ್ದರೆ ನಿಧಾನಕ್ಕೆ ಹೋಗುತ್ತಿದ್ದೆವು, ಇಲ್ಲವೇ ಹೋಗುತ್ತಲೇ ಇರಲಿಲ್ಲ.

ಮಾಡುವವರು ಮಾಡಿದ್ದಾರೆ. ಕಲ್ಚರ್‌ಸಿಟಿ ಎನ್ನುವ ಸಂಸ್ಥೆಯ ಜೊತೆ ಸೇರಿ ಎಷ್ಟೋ ಝೂಗಳು ಸದ್ದು ತಗ್ಗಿಸುವ ಹೆಡ್‌ಫೋನ್, ಕೈಗೆ ಕೆಲಸ ಕೊಡುವ ಆಟಿಕೆ ಇರುವ ಚೀಲವನ್ನು ಎರವಲು ಕೊಡುತ್ತವೆ. ಹಸಿರು ಪಟ್ಟಿಯ ಮೇಲೆ ಸೂರ್ಯಕಾಂತಿ ಇರುವ ಕೊರಳಪಟ್ಟಿ 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾಯಿತು. ಕಣ್ಣಿಗೆ ಕಾಣದ ತೊಂದರೆ ಇದೆ ಎಂದು ಅದೇ ಹೇಳುತ್ತದೆ, ತಾಯಿ ಎಲ್ಲರೆದುರು ಮಗನ ಚರಿತ್ರೆ ಬಿಚ್ಚಬೇಕಾಗಿಲ್ಲ.

ಸತ್ಯ ಹೇಳಿಬಿಡುತ್ತೇನೆ, ನನಗೆ ಪ್ರಾಣಿಗಳೆಂದರೆ ಅಷ್ಟಕ್ಕಷ್ಟೇ. ನೀರಾನೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ. ನಾನು ಹೋಗುವುದು ಘೇಂಡಾಮೃಗಕ್ಕಾಗಿ, ಅಂದರೆ ಅವನಿಗಾಗಿ. ಜಗತ್ತಿನ ಐದೂ ಜಾತಿಯ ಘೇಂಡಾಮೃಗದ ಗೊಂಬೆಗಳು ಅವನ ಹತ್ತಿರ ಇವೆ. ಭಾರತದ್ದು, ಜಾವಾದ್ದು ಒಂದು ಸಾಲು, ಉಳಿದ ಮೂರು ಇನ್ನೊಂದು ಸಾಲು. ಒಂದು ಕೊಂಬು, ಎರಡು ಕೊಂಬು. ಯಾರೂ ಹೇಳಿಕೊಟ್ಟಿಲ್ಲ. ನಿಜವಾದ ಘೇಂಡಾಮೃಗ ಇದ್ದದ್ದು ಮಂಗಗಳ ಸಾಲು ದಾಟಿದ ಮೇಲೆ, ಕೊಟ್ಟಕೊನೆಯಲ್ಲಿ. ನಾವು ಪಾರ್ಕಿಂಗ್‌ನಲ್ಲಿದ್ದೆವು.

ಝೂದವರಿಗೆ ಇವತ್ತು ಪತ್ರ ಹಾಕಿದ್ದೇನೆ. ಮೇವಿನ ಗಾಡಿ ಓಡಾಡುವ ಹಿಂದಿನ ರಸ್ತೆ ಇದ್ದೇ ಇರುತ್ತದೆ, ಅದರಲ್ಲಿ ನಮ್ಮಂಥವರನ್ನು ನೇರವಾಗಿ ಘೇಂಡಾಮೃಗದ ಹತ್ತಿರ ಬಿಡುತ್ತೀರಾ ಎಂದು ಕೇಳಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ, ಬರದಿದ್ದರೆ ಇನ್ನೂ ಉದ್ದದ ಪೋಸ್ಟ್ ಹಾಕುತ್ತೇನೆ. “ಮನೇಲೇ ಟಿವಿಯಲ್ಲಿ ತೋರಿಸಬಹುದಲ್ಲ” ಅಂತ ಬರೆಯಲು ಕೈ ತುರಿಸುತ್ತಿರುವವರು ದಯವಿಟ್ಟು ಅನ್‌ಫ್ರೆಂಡ್ ಬಟನ್ ಎಲ್ಲಿದೆ ಹುಡುಕಿಕೊಳ್ಳಿ. ನಿಮಗೂ ಒಂದು ಕೆಲಸವಾಗುತ್ತದೆ.